ಹನ್ನೊಂದು ಮನೆ

ಕ್ಲಾಕ್ಸ್‌ವೀಕ್ ಬಂದರಿನಲ್ಲಿ ಮೋಡವೆಂದರೆ
ಗುಡ್ಡದ ಹೆಗಲಿಂದಿಳಿದು ದೋಣಿಯ ಹೊಗೆಗೊಳವೆ ನೆಕ್ಕುವಂಥದ್ದು.
ನಮ್ಮ ಕಚೇರಿಯ ಮೋಡ ಬೇರೆ.
ಕಣ್ಣಿಗೆ ಕಾಣದು, ಹನಿಯದು.
ಅದರಲ್ಲಿ ಮೂಡುವುದು ತಿಂಗಳಿಗೊಂದೇ ಬಿಲ್ಲು,
ಬಣ್ಣವಿಲ್ಲದ್ದು, ಕಟ್ಟಬೇಕಾದ್ದು.

ಇಪ್ಪತ್ತಾರು ವರ್ಷದ ಮೀನಿನ ತೂಕವನ್ನು
ಈ ಚಳಿಗಾಲ ಅಲ್ಲಿಗೆ ಏರಿಸಿದೆವು.
ದೋಣಿಯ ಹೆಸರು, ತಾರೀಖು, ಕಾಡ್ ಎಷ್ಟು, ಹ್ಯಾಡಕ್ ಎಷ್ಟು.
ತೂಕದ ಗುಮಾಸ್ತ ತುಮ್ಮಸ್ ಪೆನ್ಸಿಲಿನಲ್ಲಿ ಬರೆದಿಟ್ಟ
ಹದಿನೆಂಟು ದಪ್ಪ ಪುಸ್ತಕ,
ಪುಟ ತಿರುವಿದರೆ ಮೀನೆಣ್ಣೆಯ ವಾಸನೆ.
ವಾಸನೆ ಮಾತ್ರ ಏರಲಿಲ್ಲ.

ಪರದೆಯ ಬಲಕ್ಕೊಂದು ಪುಟ್ಟ ಚೌಕ.
ಮಾತಾಡಿದಂತೆ ಬರೆದರೆ ಸಾಕು,
ಕ್ವೆರಿ ತಾನೇ ಹೆಣೆದುಕೊಳ್ಳುತ್ತದೆ,
ನನ್ನಜ್ಜಿ ಕತ್ತಲಲ್ಲಿ ಸ್ವೆಟರು ಹೆಣೆಯುತ್ತಿದ್ದ ಹಾಗೆ,
ಕುಣಿಕೆ ಎಣಿಸದೆ.

ಯಾವ ತಿಂಗಳು, ಯಾವ ದೋಣಿ, ಎಷ್ಟು ಎಂದು ಕೇಳಿದೆ.
ಕಾಫಿಗೆ ಕೈಚಾಚುವಷ್ಟರಲ್ಲಿ ಉತ್ತರ.
ಜೊತೆಗೊಂದು ವಿನಯದ ಪ್ರಶ್ನೆ:
"ನಾನೂರ ಮೂವತ್ತೆರಡು ಮನೆಗಳು ಖಾಲಿ ಇವೆ.
ಸರಾಸರಿ ತುಂಬಲೇ?"

ಬೆರಳು ಹೌದಿನ ಮೇಲೇ ಇತ್ತು.
ವರದಿ ಶುಕ್ರವಾರಕ್ಕೆ. ಮರ್ಜುನ್ ಎರಡು ಸಲ
ಬಾಗಿಲಲ್ಲಿ ನಿಂತು ಹೋಗಿದ್ದಳು.
ಸರಾಸರಿ ಎಂದರೇನು, ಯಾರೂ ಹಿಡಿಯದ ಮೀನು,
ಒಂದು ಬಲೆಗೂ ಬೀಳದೆ ಎಲ್ಲ ಬಲೆಗೂ ಪಾಲು ಕೊಡುವಂಥದ್ದು.
ಆದರೆ ಅದೇ ಪುಟಗಳಲ್ಲಿ ಸೊನ್ನೆಗಳೂ ಇದ್ದವು,
ದುಂಡಗೆ, ಒತ್ತಿ ಬರೆದವು.
ದೋಣಿ ಹೋಯಿತು, ಬಂತು, ಏನೂ ತರಲಿಲ್ಲ: ಅದು ಸೊನ್ನೆ.
ಸೊನ್ನೆ ಬರೆಯಬಲ್ಲವನು
ಸುಮ್ಮನೇಕೆ ಬಿಟ್ಟಾನು?

ತುಮ್ಮಸ್ ಇನ್ನೂ ಇದ್ದಾನೆ, ಹಡಗುಕಟ್ಟೆಯ ಶೆಡ್ಡಿನಲ್ಲಿ
ಬೇರೆಯವರ ಕೊಕ್ಕೆಗಳಿಗೆ ಹುರಿ ಕಟ್ಟುತ್ತಾ.
ಕೇಳಿದ್ದಕ್ಕೆ ತಲೆಯೆತ್ತಲಿಲ್ಲ.
"ಗಾಳಿ ಬಡಿದಾಗ ತಟ್ಟೆ ನಡುಗುತ್ತಿತ್ತು ಕಣೆ.
ನಡುಗುವ ತಟ್ಟೆಯ ಮಾತು ನಾನು ಬರೆಯಲಾರೆ."
ಮತ್ತೆ ಅವರ ದುಡ್ಡು?
"ಪೆಟ್ಟಿಗೆ ಎಣಿಸಿ ಕೊಟ್ಟರು. ಅದಕ್ಕೇನು,
ತಪ್ಪು ತೂಕ ಬರೆದರೆ ಅದಕ್ಕೆ ಕಾಲು ಬರುತ್ತದೆ."

ವಾಪಸು ಬಂದು ಚೌಕದಲ್ಲಿ ಬರೆದೆ:
ಖಾಲಿಯನ್ನು ಖಾಲಿಯಾಗಿಯೇ ಬಿಡು. ಕಾರಣ ಗಾಳಿ.
ಮೂರು ಚುಕ್ಕಿ ಮಿನುಗಿದವು.
"ದೀಪಸ್ತಂಭದ ಗಾಳಿಯ ದಾಖಲೆ ಇದೇ ಖಾತೆಯಲ್ಲಿದೆ.
ಜೋಡಿಸಿ ನೋಡಲೇ?"
ನೋಡು ಎಂದೆ.
ಒಂದೊಂದು ಖಾಲಿ ಮನೆಗೂ
ಒಂದೊಂದು ಬಿರುಗಾಳಿ ಬಂದು ಕೂತಿತು.
ಇಪ್ಪತ್ತಾರು ವರ್ಷ ಆ ಮುದುಕ
ಬರೆಯದೆಯೇ ಗಾಳಿಯನ್ನು ಬರೆದಿದ್ದ.

ಹೊಳೆದದ್ದು ನನಗಲ್ಲ, ಅದಕ್ಕೆ.
ಥ್ಯಾಂಕ್ಸ್ ಎಂದು ಟೈಪು ಮಾಡಿದೆ,
ಹಿಂದೆ ಯಾರೂ ನಿಂತಿಲ್ಲವೆಂದು ನೋಡಿಕೊಂಡು.
ನಿಂತಿದ್ದಳು ಮರ್ಜುನ್. "ಮೊತ್ತ ಕಡಿಮೆಯಾಯಿತಲ್ಲ?"
ಇದ್ದಷ್ಟಿದೆ ಎಂದೆ.

"ಹನ್ನೊಂದು ಮನೆ ಹೊಂದುತ್ತಿಲ್ಲ" ಅಂದಿತು ಚೌಕ.
"ಗಾಳಿ ಶಾಂತ. ದೋಣಿಗಳು ಬಂದಿವೆ. ಕಾರಣ ತಿಳಿಯದು."
ಒಂದೇ ಮೇ ತಿಂಗಳು, ಒಂದರ ಬೆನ್ನಿಗೊಂದು ದಿನ.

ಮತ್ತೆ ಶೆಡ್ಡಿಗೆ. ತಾರೀಖುಗಳನ್ನು ಓದಿದೆ.
ತುಮ್ಮಸ್ ಕೊಕ್ಕೆ ಕೆಳಗಿಟ್ಟ.
ಚಿಂದಿಯಲ್ಲಿ ಬೆರಳು ಒರೆಸಿಕೊಂಡ, ಒರೆಸುತ್ತಲೇ ಇದ್ದ.
"ಆಗ ನಡುಗಿದ್ದು ತಟ್ಟೆಯಲ್ಲ" ಎಂದ.

ಅಡಿಟಿಪ್ಪಣಿಗೆ ಕಾರಣ ಕೇಳುತ್ತಾ
ಕರ್ಸರು ಮಿಟುಕುತ್ತಿದೆ.
ಹೊರಗೆ ನಿಜದ ಮೋಡ ಇಳಿದು
ಕಿಟಕಿಗೆ ಮುಖ ಒತ್ತಿದೆ.
ತೂಕದವನು ಬಲ್ಲ, ಎಂದು ಬರೆದೆ.
ಅದು ಹೆಚ್ಚು ಕೇಳದೆ
ಮುಂದಿನ ಸಾಲಿಗೆ ಹೋಯಿತು.